ಬೂದಿ ಜಲ್ಲಿ: ಇಂಗಾಲದ ಲೆಕ್ಕವೂ ಬೇಕು

ಮಾನ್ಯರೇ,

ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹಾರುಬೂದಿಯಿಂದ ಕೃತಕ ಜಲ್ಲಿ ಮಾಡಬಹುದು. ಗುಡ್ಡ ಒಡೆಯುವುದು ತಪ್ಪುತ್ತದೆ, ಕಾಂಕ್ರೀಟ್ ಹಗುರವಾಗುತ್ತದೆ. ಒಳ್ಳೆಯದೇ. ಆದರೆ ಕಸದಿಂದ ಮಾಡಿದ್ದು ಅಂತ ಸುಮ್ನೆ ‘ಹಸಿರು’ ಚೀಟಿ ಅಂಟಿಸಬಾರದು. ಬೂದಿಯ ಉಂಡೆಗಳನ್ನು ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಆ ಇಂಧನದ ಹೊಗೆ ಯಾರ ಲೆಕ್ಕಕ್ಕೆ? ಸುಡದೆ ಗಟ್ಟಿ ಮಾಡುವ ವಿಧಾನವೂ ಇದೆ, ಅದಕ್ಕೆ ಸಿಮೆಂಟೋ ಸುಣ್ಣವೋ ಬೇಕು. ಮೇಲಾಗಿ ಹಗುರ ಜಲ್ಲಿಯ ಬಲ ಕಡಿಮೆ. ಅದನ್ನು ಸರಿದೂಗಿಸಲು ಎಷ್ಟೋ ಸಲ ಸಿಮೆಂಟ್ ಜಾಸ್ತಿ ಹಾಕುತ್ತಾರೆ. ಕಾಂಕ್ರೀಟ್ ತಯಾರಿಕೆಯಿಂದ ಗಾಳಿಗೆ ಸೇರುವ ಇಂಗಾಲದಲ್ಲಿ ಸಿಂಹಪಾಲು ಸಿಮೆಂಟಿನದ್ದೇ ಅಲ್ವಾ? ಕಟ್ಟಡದ ಭಾರ ಇಳಿದು ಕಬ್ಬಿಣ, ಅಡಿಪಾಯದಲ್ಲಿ ಆಗುವ ಉಳಿತಾಯವನ್ನೂ ಖಂಡಿತ ಸೇರಿಸಲಿ. ಸರ್ಕಾರಿ ಟೆಂಡರ್‌ಗಳಲ್ಲಿ ಪ್ರತಿ ಘನ ಮೀಟರ್ ಕಾಂಕ್ರೀಟಿಗೆ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಕೇಳಲಿ.

– ಒಬ್ಬ ಸಿವಿಲ್ ಎಂಜಿನಿಯರ್, ರಾಯಚೂರು