ಮಗಳಿಗೊಂದು ಪತ್ರ: ಆ ರೊಟ್ಟಿ ಸುಟ್ಟವರು ಯಾರು?

ಜೆಪ್ಪು, ಮಂಗಳೂರು

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ. ಬೆಂಗಳೂರಿನ ನಿಮ್ಮ ಸಭೆಯವರು ಸಂಡೇ ಸ್ಕೂಲ್ ಮಕ್ಕಳನ್ನು ನಿನಗೆ ಒಪ್ಪಿಸಿದ್ದಾರೆ ಎಂದು ಕೇಳಿ ತುಂಬ ಸಂತೋಷವಾಯಿತು. ಅಪ್ಪ ಆಗಲೇ ಎದುರು ಮನೆಗೂ ಹೋಗಿ ಹೇಳಿ ಬಂದರು. ನವೆಂಬರಿನಲ್ಲಿ ಅಗಲಿದವರ ಸ್ಮರಣೆಯ ಆರಾಧನೆ ಇದೆ, ಅದರಲ್ಲಿ ಹತ್ತು ನಿಮಿಷ ಮಕ್ಕಳಿಂದ ಏನಾದರೂ ಹೇಳಿಸಬೇಕು, ನಮ್ಮ ಊರಿಗೆ ಸುವಾರ್ತೆ ತಂದವರ ಹೆಸರು ಕಳಿಸಮ್ಮಾ ಅಂದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಮೊದಲು ನೀನು ಕೇಳಿದ್ದನ್ನು ಕೊಟ್ಟುಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಿಂದ ಸುವಾರ್ತೆ ಸಾರಲು ಜನರನ್ನು ಕಳಿಸುತ್ತಿದ್ದ ಬಾಸೆಲ್ ಮಿಷನ್‌ನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್ ಕೊನೆಯಲ್ಲಿ. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1843ರ ಜುಲೈ 1ರಂದು ಅವರು ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಫರ್ಡಿನೆಂಡ್ ಕಿಟೆಲ್ ಬಂದರು. ಅವರ ಕನ್ನಡ ನಿಘಂಟು 1894ರಲ್ಲಿ ಇಲ್ಲಿಯೇ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಸಭಾಪಾಲಕರಾಗುವವರು ಓದುವ ಬಲ್ಮಠದ ಸೆಮಿನರಿ 1847ರದ್ದು. ದಕ್ಷಿಣ ಭಾರತ ಸಭೆ, ನಾವು ಸಿಎಸ್ಐ ಅನ್ನುವುದು, ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು.

ಇಷ್ಟನ್ನು ಮಕ್ಕಳು ಒಂದು ವಾರದಲ್ಲಿ ಬಾಯಿಪಾಠ ಮಾಡುತ್ತಾರೆ. ವೇದಿಕೆ ಮೇಲೆ ಚೆನ್ನಾಗಿಯೂ ಹೇಳುತ್ತಾರೆ. ಆದರೆ ಮಗಾ, ಅಲ್ಲಿಗೇ ನಿಲ್ಲಿಸಬೇಡ. ಸ್ಮರಣೆಯ ದಿನ ಹೆಸರು ಗೊತ್ತಿರುವವರನ್ನು ಮಾತ್ರ ನೆನೆದರೆ ನಮ್ಮ ಸಭೆಯನ್ನು ಕಟ್ಟಿದ ಮುಕ್ಕಾಲು ಜನ ಹೊರಗೇ ಉಳಿಯುತ್ತಾರೆ.

ನನ್ನ ಅಜ್ಜಿ ನಿನಗೆ ಗೊತ್ತಿಲ್ಲ. ನೀನು ಹುಟ್ಟುವ ಮೊದಲೇ ಹೋದವರು. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದರು. ವಾರವೆಲ್ಲ ತಲೆಯ ಮೇಲೆ ಬುಟ್ಟಿ, ಭಾನುವಾರ ಬಿಳಿ ಸೀರೆ ಉಟ್ಟು ಮಕ್ಕಳ ಕ್ಲಾಸಿಗೆ ಹಾಜರು. ಅವರಿಗೆ ಓದಲು ಬರುತ್ತಿತ್ತು, ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ಆಗಿನ ಕಾಲದಲ್ಲಿ ನಮ್ಮ ಸಭೆಯಲ್ಲಿ ಅಂಥ ಹೆಂಗಸರು ಎಷ್ಟೋ ಮಂದಿ. ಬೈಬಲ್ ಓದಬೇಕು, ಗೀತದ ಪುಸ್ತಕ ಹಿಡಿಯಬೇಕು ಎಂದು ಅಕ್ಷರ ಕಲಿತವರು.

ಒಬ್ಬ ಹುಡುಗ ತಂದ ಐದು ರೊಟ್ಟಿ ಎರಡು ಮೀನಿನಿಂದ ಯೇಸು ಐದು ಸಾವಿರ ಜನರಿಗೆ ಉಣಿಸಿದ ಕಥೆ ಹೇಳುವಾಗ ಅವರು ಮಧ್ಯದಲ್ಲಿ ನಿಲ್ಲಿಸಿ ಕೇಳುತ್ತಿದ್ದರು: "ಹುಡುಗ ರೊಟ್ಟಿ ತಂದ, ಸರಿ. ಆ ರೊಟ್ಟಿ ಸುಟ್ಟವರು ಯಾರು?" ನಾವು ಪುಸ್ತಕದಲ್ಲಿ ಹುಡುಕುತ್ತಿದ್ದೆವು. ಯೋಹಾನನ ಸುವಾರ್ತೆಯಲ್ಲಿ ಅದು ಜವೆಗೋದಿಯ ರೊಟ್ಟಿ ಎಂದಿದೆ. ಹುಡುಗನ ಹೆಸರೇ ಇಲ್ಲ, ಇನ್ನು ಅವನ ತಾಯಿಯ ಹೆಸರು ಎಲ್ಲಿ ಬರಬೇಕು? ಬೆಳಗ್ಗೆ ಎದ್ದು ಹಿಟ್ಟು ಕಲಸಿ, ಸುಟ್ಟು, ಬಟ್ಟೆಯಲ್ಲಿ ಕಟ್ಟಿ ಕೊಟ್ಟವಳು ಒಬ್ಬಳು ಇದ್ದಿರಬೇಕು, ಐದು ಸಾವಿರ ಜನ ಊಟ ಮಾಡಿದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ ಅನ್ನುತ್ತಿದ್ದರು ಅಜ್ಜಿ. ಆಮೇಲೆ ಸುಮ್ನೆ ಕಥೆ ಮುಂದುವರಿಸುತ್ತಿದ್ದರು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾವ ಪ್ರಸಂಗಕ್ಕಿಂತಲೂ ಜಾಸ್ತಿ ನನಗೆ ಕಲಿಸಿದ್ದು ಅದೇ.

ನಿನ್ನ ಮಕ್ಕಳಿಗೂ ಅದನ್ನೇ ಕೇಳು. ನಮ್ಮ ಚರಿತ್ರೆಯನ್ನೂ ಹಾಗೆಯೇ ಕೇಳುತ್ತ ಹೇಳು. 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಅಂದರೆ ಮೊಳೆ ಜೋಡಿಸಿದ್ದಲ್ಲ, ಯಾರೋ ಒಬ್ಬರು ಕೈಯಲ್ಲಿ ಅಕ್ಷರ ಬರೆದು ಅದನ್ನು ಕಲ್ಲಿಗೆ ಇಳಿಸಬೇಕಿತ್ತು. ಆ ಮುದ್ದಾದ ಕನ್ನಡ ಅಕ್ಷರ ಯಾರ ಕೈಯದು? ಗ್ರೈನರ್ 1842ರಲ್ಲಿ ಮತ್ತಾಯನ ಸುವಾರ್ತೆಯನ್ನು ತುಳುವಿನಲ್ಲಿ ತಂದರು. ಜರ್ಮನಿಯಿಂದ ಬಂದು ಎಂಟು ವರ್ಷವೂ ಆಗಿರದ ಮನುಷ್ಯನ ಪಕ್ಕದಲ್ಲಿ ಕುಳಿತು, ಹೀಗಲ್ಲ ಅಯ್ಯಾ, ನಾವು ಹೀಗೆ ಹೇಳುವುದು ಎಂದು ತಿದ್ದಿದ ನಾಲಿಗೆ ಯಾರದು? ಉತ್ತರ ಗೊತ್ತಿಲ್ಲದಿದ್ದರೂ ಮಕ್ಕಳು ಪ್ರಶ್ನೆಯನ್ನು ಮನೆಗೆ ಒಯ್ಯಲಿ.

ನಮ್ಮವರಲ್ಲಿ ಹೆಸರು ಉಳಿಸಿಕೊಂಡವರೂ ಇದ್ದಾರೆ. ಆನಂದರಾವ್ ಕೌಂಡಿನ್ಯ ಅವರ ಬಗ್ಗೆ ಖಂಡಿತ ಹೇಳು. ಬ್ರಾಹ್ಮಣ ಮನೆತನದ ಹುಡುಗ, 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಇಡೀ ಪಟ್ಟಣದಲ್ಲಿ ಗಲಾಟೆ. ಮುಂದೆ ಬಾಸೆಲ್‌ಗೆ ಹೋಗಿ ಓದಿದರು. 1851ರಲ್ಲಿ ಸಭಾಪಾಲಕರಾಗಿ ಅಭಿಷೇಕ ಪಡೆದು ಊರಿಗೆ ಬಂದು ಸೆಮಿನರಿಯಲ್ಲಿ ಪಾಠ ಮಾಡಿದರು. ಆದರೆ ಕೌಂಡಿನ್ಯರಂಥವರು ಕೆಲವರೇ. ಹೆಚ್ಚಿನವರು ಕಳ್ಳು ತೆಗೆಯುತ್ತಿದ್ದವರು, ಗೇಣಿ ಗದ್ದೆ ಮಾಡುತ್ತಿದ್ದವರು. ಸಭೆಗೆ ಸೇರಿದ ದಿನವೇ ಮನೆ ಬಿಟ್ಟು ಹೋಯಿತು, ಕುಲದವರು ದೂರವಾದರು. ಕಳ್ಳಿನ ಕಸುಬನ್ನು ಬಿಡಬೇಕು ಎಂದು ಮಿಷನ್ ಕೂಡ ಹೇಳಿತು. ಹೊಟ್ಟೆಗೆ ಏನು ಮಾಡುವುದು? ನೇಯ್ಗೆ ಶಾಲೆ, ಪ್ರೆಸ್ಸು, ಹೆಂಚಿನ ಕಾರ್ಖಾನೆ ಹುಟ್ಟಿದ್ದು ಈ ಹಸಿವಿನಿಂದಲೇ. ಮಂಗಳೂರು ಹೆಂಚು ದೇಶವಿದೇಶಕ್ಕೆ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಅದರ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತಾರೆ, ಒತ್ತಿದವನ ಹೆಸರು ಇರುವುದಿಲ್ಲ.

ಕಹಿ ವಿಷಯ ಬಿಡಬೇಡ. ದೊಡ್ಡ ಮಕ್ಕಳಿಗಾದರೂ ಹೇಳು. ಮಿಷನರಿಗಳು ನಮ್ಮ ಹಿರಿಯರ ಭೂತಾರಾಧನೆಯ ಬಗ್ಗೆ ಕಟುವಾಗಿ ಬರೆದಿದ್ದಾರೆ, ಓದಿದರೆ ಮನಸ್ಸಿಗೆ ಚುಚ್ಚುತ್ತದೆ. ಅವರಲ್ಲೇ ಒಬ್ಬರಾದ ಮೋಗ್ಲಿಂಗ್ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಇನ್ನೊಬ್ಬರು, ಮ್ಯಾನರ್, 1886ರಲ್ಲಿ ತುಳು ನಿಘಂಟಿನ ಜೊತೆಗೆ ಪಾಡ್ದನಗಳನ್ನೂ, ಅಂದರೆ ಆ ಭೂತಗಳ ಕಥೆ ಹೇಳುವ ತುಳು ಹಾಡುಗಳನ್ನೂ, ಪ್ರಕಟಿಸಿದರು. ಎರಡೂ ನಿಜ, ಎರಡನ್ನೂ ಹೇಳಬೇಕು. ಆ ಪಾಡ್ದನಗಳನ್ನು ಹಾಡಿ ಬರೆಸಿದವರು ಯಾರು ಎಂದು ಅಲ್ಲಿಯೂ ಕೇಳಬೇಕು.

ಮೊದಲ ಮಹಾಯುದ್ಧದ ಕಾಲ ನನಗೆ ಬಹಳ ಮುಖ್ಯ ಅನಿಸುತ್ತದೆ. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದು ಕೂಡಿಹಾಕಿತು, ದೇಶದಿಂದ ಹೊರಗೆ ಕಳಿಸಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಎಲ್ಲ ಮುಗಿಯಿತು ಎಂದು ಯಾರಿಗಾದರೂ ಅನಿಸಬೇಕಿತ್ತು. ಆದರೆ ಮುಂದಿನ ಭಾನುವಾರವೂ ಗಂಟೆ ಬಾರಿಸಿತು. ಬಾರಿಸಿದವರು ನಮ್ಮವರೇ. ಸಭೆಯನ್ನು ಆಗ ಹಿಡಿದು ನಿಲ್ಲಿಸಿದವರು ಊರಿನ ಸಭಾಪಾಲಕರು, ಹಳ್ಳಿಹಳ್ಳಿ ನಡೆಯುತ್ತಿದ್ದ ಉಪದೇಶಿಗಳು, ಬೈಬಲ್ ಸ್ತ್ರೀಯರು. ಮಳೆಗಾಲದಲ್ಲಿ ಹೊಳೆ ದಾಟಿ, ಗದ್ದೆಯ ಜಾರುವ ಕಟ್ಟಪುಣಿಯ ಮೇಲೆ ನಡೆದು, ಹಿಂಬಾಗಿಲಲ್ಲಿ ಕುಳಿತು ಹೆಂಗಸರಿಗೆ ಓದಿ ಹೇಳಿದವರು. ಯುದ್ಧ ಮುಗಿದ ಮೇಲೆ 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ನೀನು ಹುಟ್ಟಿದ್ದೂ ಅಲ್ಲೇ, ನಿನಗೆ ಗೊತ್ತು. ಆದರೆ ರಾತ್ರಿಯಿಡೀ ನನ್ನ ಪಕ್ಕ ಕುಳಿತು ಮೆಲ್ಲಗೆ ಗೀತೆ ಹಾಡಿದ ಆಯಾ ಇಲ್ಲದಿದ್ದರೆ ಆ ರಾತ್ರಿಯನ್ನು ನಾನು ದಾಟುತ್ತಿರಲಿಲ್ಲ. ಸ್ಮರಣೆಯ ಆರಾಧನೆ ಬಂದಾಗಲೆಲ್ಲ ಅವರಿಗಾಗಿಯೂ ಒಂದು ಮೇಣದ ಬತ್ತಿ ಹಚ್ಚುತ್ತೇನೆ.

ಇಲ್ಲಿ ಹೇಗೆ ನಡೆಯುತ್ತದೆ ಎಂದು ನಿನಗೆ ನೆನಪಿರಬೇಕು. ವರ್ಷದಲ್ಲಿ ತೀರಿಹೋದವರ ಹೆಸರನ್ನು ಅಯ್ಯನವರು ಒಂದೊಂದಾಗಿ ಓದುತ್ತಾರೆ, ಮನೆಯವರು ಎದ್ದು ನಿಲ್ಲುತ್ತಾರೆ. ಮನೆಯವರೇ ಇಲ್ಲದವರ ಹೆಸರು ಬಂದಾಗ ಪಕ್ಕದ ಬೆಂಚಿನವರು ಯಾರಾದರೂ ಎದ್ದು ನಿಲ್ಲುತ್ತಾರೆ. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಮಟ್ಟಿಗೆ ಇಡೀ ಆರಾಧನೆಯಲ್ಲಿ ಅದೇ ದೊಡ್ಡದು. ಸ್ಮಶಾನಕ್ಕೆ ಹೋದರೆ ಹಳೆಯ ದೊಡ್ಡ ಗೋರಿಗಳ ಮೇಲಿನ ಬರಹ ಈಗಲೂ ಓದಬಹುದು. ಬಡವರದ್ದು ಮುರಕಲ್ಲು, ಮಳೆಗೆ ಕರಗಿ ಹೋಗಿದೆ. ಅಜ್ಜಿಯ ಜಾಗವನ್ನು ಗೋಡೆಯ ಮೂಲೆ ನೋಡಿ ಗುರುತು ಹಿಡಿಯುತ್ತೇನೆ.

ಈಗ ನಿನ್ನ ಹತ್ತು ನಿಮಿಷದ ವಿಷಯ. ಬೈಬಲ್ ಪಾಠಕ್ಕೆ ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯ ತೆಗೆದುಕೋ. ಬರೀ ಹೆಸರುಗಳು ಎಂದು ಜನ ಅದನ್ನು ದಾಟಿಸಿಬಿಡುತ್ತಾರೆ. ಪೌಲನು ಅಲ್ಲಿ ಫೊಯಿಬೆಯಿಂದ ಶುರು ಮಾಡುತ್ತಾನೆ. ಪ್ರಿಸ್ಕ, ಅಕ್ವಿಲ, ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ, ಒಬ್ಬೊಬ್ಬರಿಗೂ ವಂದನೆ ಹೇಳುತ್ತಾನೆ. ಎಷ್ಟು ಹೆಂಗಸರು ನೋಡು. ರೂಫನ ತಾಯಿಗೂ ವಂದನೆ ಇದೆ, ನನಗೂ ಅವಳು ತಾಯಿ ಎನ್ನುತ್ತಾನೆ, ಆದರೆ ಅವಳ ಹೆಸರಿಲ್ಲ. ಕೊನೆಯ ಕಡೆಗೆ, ಪೌಲನು ಹೇಳಿದ್ದನ್ನು ಬರೆದುಕೊಂಡ ತೆರ್ತ್ಯ ನಡುವೆ ಬಂದು ತಾನೂ ವಂದನೆ ಹೇಳುತ್ತಾನೆ. ಕಲ್ಲಚ್ಚಿನ ಅಕ್ಷರ ಬರೆದವರ ಮಾತು ಬಂದಾಗ ತೆರ್ತ್ಯನನ್ನು ನೆನಪಿಸು, ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ.

ಆಮೇಲೆ ಒಂದು ಕೆಲಸ ಕೊಡು. ಮನೆಗೆ ಹೋಗಿ ಅಪ್ಪ ಅಮ್ಮನನ್ನು, ಅಜ್ಜ ಅಜ್ಜಿಯನ್ನು ಕೇಳಲಿ: ನಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡಲು ಮೊದಲು ಕಲಿಸಿದವರು ಯಾರು? ಒಂದೇ ಒಂದು ಹೆಸರು ಬರೆದು ತರಲಿ. ನಿಮ್ಮ ಸಭೆಯಲ್ಲಿ ಎಲ್ಲ ಊರಿನವರೂ ಇದ್ದಾರಲ್ಲ. ಧಾರವಾಡ, ಹುಬ್ಬಳ್ಳಿ ಕಡೆಯ ಮಕ್ಕಳಿಗೂ ಇದೇ ಮಿಷನ್‌ನ ಕಥೆ ಸಿಗುತ್ತದೆ, ಕೊಡಗಿನವರಿಗೂ ಸಿಗಬಹುದು. ಬರುವ ಹೆಸರು ಟೀಚರದ್ದಾಗಿರಬಹುದು, ನರ್ಸಿನದ್ದಾಗಿರಬಹುದು, ಸಭೆಯ ಅಂಗಳ ಗುಡಿಸುತ್ತಿದ್ದವರದ್ದಾಗಿರಬಹುದು. ಯಾವುದನ್ನೂ ತಿದ್ದಬೇಡ.

ಒಬ್ಬಿಬ್ಬರು ಹೆಸರಿಲ್ಲದೆ ಬರುತ್ತಾರೆ. ಅವರ ಮನೆಯವರು ಸಭೆಗೆ ಬರಲು ಈಗಷ್ಟೇ ಶುರು ಮಾಡಿರಬಹುದು, ಅಥವಾ ಕೇಳಲು ಹಿರಿಯರೇ ಇಲ್ಲದಿರಬಹುದು. ಆ ಮಗುವನ್ನು ಎಲ್ಲರ ಮುಂದೆ ಕೇಳಬೇಡ. ಮೊದಲೇ ಪಕ್ಕಕ್ಕೆ ಕರೆದು ಮಾತಾಡು. ನಿನ್ನನ್ನು ಮೊದಲ ಸಲ ಇಲ್ಲಿಗೆ ಕರೆದುಕೊಂಡು ಬಂದವರು ಯಾರು ಎಂದು ಕೇಳು. ಆ ಹೆಸರನ್ನು ಬರೆಸು. ಬದುಕಿರುವವರಾದರೆ ಇನ್ನೂ ಒಳ್ಳೆಯದು, ಆ ದಿನ ಅವರೂ ಸಭೆಯಲ್ಲಿ ಕುಳಿತು ಕೇಳಲಿ.

ಗೀತೆ ಎರಡು ಸಾಕು. ಒಂದನ್ನು ನಾಲ್ಕು ಸ್ವರದಲ್ಲಿ ಕಲಿಸು, ಹಳೆಯ ಜರ್ಮನ್ ರಾಗದ್ದು, ಮಕ್ಕಳಿಗೆ ಕಷ್ಟವಾದರೂ ಬಿಡಬೇಡ. ಇನ್ನೊಂದು ಹಾರ್ಮೋನಿಯಂ, ತಬಲದ ಜೊತೆ ಭಜನೆ ಇರಲಿ. ಓದಿಕೊಂಡು ಹಾಡಿಸಬೇಡ, ಬಾಯಿಪಾಠವೇ ಆಗಬೇಕು. ಪುಸ್ತಕ ಕೆಳಗಿಟ್ಟರೆ ಮುಖ ಮೇಲೆ ಬರುತ್ತದೆ, ಎದುರಿಗೆ ಕುಳಿತ ಅಜ್ಜಿಯರೂ ತಾವಾಗಿ ಸೇರಿಕೊಳ್ಳುತ್ತಾರೆ.

ನಮ್ಮಲ್ಲಿ ಬೆಳೆ ಹಬ್ಬದ ಓಡಾಟ ನಡೆದಿದೆ. ಅಪ್ಪ ಈ ಸಲವೂ ಸಿಹಿಗುಂಬಳ ಒಯ್ದು, ಏಲಂನಲ್ಲಿ ಅದನ್ನೇ ಕೂಗಿ ಮನೆಗೆ ತರುವ ಹಾಗೆ ಕಾಣುತ್ತದೆ. ಸ್ತ್ರೀಯರ ಅನ್ಯೋನ್ಯಕೂಟದವರು ನಿನ್ನನ್ನು ಕೇಳಿದರು. ಮಕ್ಕಳು ತಂದ ಹೆಸರುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ನನಗೂ ಕಳಿಸು. ನಮ್ಮ ಕೂಟದ ಪ್ರಾರ್ಥನೆಯಲ್ಲಿ ಓದುತ್ತೇವೆ. ಅಜ್ಜಿಯ ಹೆಸರನ್ನು ನಿನ್ನ ಚೀಟಿಯಲ್ಲಿ ನೀನೇ ಬರೆ.

ದೇವರು ನಿನ್ನನ್ನು ಕಾಯಲಿ.

ಪ್ರೀತಿಯಿಂದ,
ಅಮ್ಮ