ಶಿಕ್ಷಕರನ್ನು ಒಮ್ಮೆ ಗಂಜ್ ಮಾರುಕಟ್ಟೆಗೂ ಕಳಿಸಿ

ಮಾನ್ಯ ಸಂಪಾದಕರೇ,

ನಾನು ಆಳಂದ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹೋದ ತಿಂಗಳು ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ಸರ್, ಎಸ್ಸೆಸ್ಸೆಲ್ಸಿ ಆದ ಮ್ಯಾಲ ಏನ್ ಓದಿದ್ರ ಛಲೋ ಕೆಲಸ ಸಿಗ್ತದ್ರಿ?’ ಅಂತ ಕೇಳಿದಳು. ಪಿಯುಸಿ ಸೈನ್ಸ್, ಇಲ್ಲಾಂದ್ರೆ ಐಟಿಐ, ಆಮೇಲೆ ಪೊಲೀಸ್ ಪರೀಕ್ಷೆ ಬರೀಬಹುದು ಅಂದೆ. ಮುಂದೆ ನನಗೆ ಮಾತು ಬರಲಿಲ್ಲ. ಹತ್ತೊಂಬತ್ತು ವರ್ಷದಿಂದ ಎಲ್ಲ ಮಕ್ಕಳಿಗೂ ಇದನ್ನೇ ಹೇಳುತ್ತಾ ಬಂದಿದ್ದೇನೆ, ಯಾಕಂದ್ರೆ ಮಾಸ್ತರಿಕೆ ಬಿಟ್ಟು ಬೇರೆ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ತೀರಾ ಕಡಿಮೆ.

ಮಕ್ಕಳನ್ನು ಜಾಗತಿಕ ಮಾರುಕಟ್ಟೆಗೆ ಸಿದ್ಧ ಮಾಡಿ ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ನಾವು ಪಿಪಿಟಿ ನೋಡಿ, ಹಾಜರಿ ಹಾಕಿ ಬರುತ್ತೇವೆ. ಆದರೆ ಆ ಮಾರುಕಟ್ಟೆ ಕಲಬುರಗಿಯ ನೆಹರೂ ಗಂಜ್ ಅನ್ನುವ ಕಾಳುಕಡಿ ಪೇಟೆಯಲ್ಲೇ ಇದೆ ಅಲ್ವಾ? ನಮ್ಮ ಮಕ್ಕಳ ಅಪ್ಪಂದಿರು ತೊಗರಿ ತರುವುದು ಅಲ್ಲಿಗೇ. ತೊಗರಿ ಮೊಜಾಂಬಿಕ್‌ನಿಂದಲೂ ಮ್ಯಾನ್ಮಾರ್‌ನಿಂದಲೂ ದೇಶಕ್ಕೆ ಬರುತ್ತದೆ. ಮೊಜಾಂಬಿಕ್ ಜೊತೆ 2016ರಲ್ಲೇ ಒಪ್ಪಂದ ಆಗಿದೆ. ಹೊರಗಿನ ಕಾಳು ಜಾಸ್ತಿ ಬಂದರೆ ಇಲ್ಲಿ ಚೀಲದ ದರ ಇಳಿಯುತ್ತದೆ, ಆ ವರ್ಷ ನಮ್ಮ ಶಾಲೆಯ ಒಂದಿಬ್ಬರು ಮಕ್ಕಳು ಪುಣೆ ಕಡೆ ದುಡಿಯಲು ಹೋಗುತ್ತಾರೆ. ಭೂಗೋಳ, ಗಣಿತ, ಅರ್ಥಶಾಸ್ತ್ರ ಎಲ್ಲ ಒಂದೇ ಚೀಲದಲ್ಲಿದೆ. ನಾವು ಮಾತ್ರ ಪುಸ್ತಕದ ಬಡ್ಡಿ ಲೆಕ್ಕ ಮಾಡಿಸುತ್ತಿದ್ದೇವೆ.

ಬೇಸಿಗೆ ರಜೆಯಲ್ಲಿ, ಹಮಾಲಿ ಮಾಡುವ ಪಾಲಕರೊಬ್ಬರು ಕರೆದರು ಅಂತ ಒಂದು ದಾಲ್ ಮಿಲ್‌ಗೆ ಹೋಗಿದ್ದೆ. ಅಲ್ಲಿ ಸಾರ್ಟೆಕ್ಸ್ ಅನ್ನುವ ಯಂತ್ರ ಇದೆ. ಬೇಳೆ ಉದುರುವಾಗ ಕ್ಯಾಮೆರಾ ಒಂದೊಂದು ಕಾಳಿನ ಬಣ್ಣ ನೋಡುತ್ತದೆ, ಕಪ್ಪಾದದ್ದು ಬಂದರೆ ಗಾಳಿ ಊದಿ ಆಚೆ ತಳ್ಳುತ್ತದೆ. ಅದು ಕೆಟ್ಟರೆ ರಿಪೇರಿ ಮಾಡುವವರು ಹೈದರಾಬಾದಿನಿಂದ ಬರಬೇಕು, ಅಲ್ಲಿಯವರೆಗೆ ಮಿಲ್ ನಿಂತೇ ಇರುತ್ತದೆ ಅಂದರು ಮಾಲೀಕರು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಈ ಭಾಗದ ವಿಶೇಷ ಬೆಳೆ ಅನ್ನುವ ಜಿಐ ಮಾನ್ಯತೆ ಸಿಕ್ಕಿದೆ. ಆ ಹೆಸರಲ್ಲಿ ಹೊರದೇಶಕ್ಕೆ ಮಾರಬೇಕಾದರೆ ತೇವಾಂಶ ಪರೀಕ್ಷೆ, ಪ್ಯಾಕಿಂಗ್, ಇಂಗ್ಲಿಷಿನಲ್ಲಿ ಕಾಗದಪತ್ರ, ಎಲ್ಲಕ್ಕೂ ಜನ ಬೇಕು. ಆ ಹುಡುಗಿಗೆ ಇದನ್ನೆಲ್ಲ ಹೇಳಬಹುದಿತ್ತು. ಅವಳು ಕೇಳಿದಾಗ ನನಗೆ ಇದು ಹೊಳೆಯಲೇ ಇಲ್ಲ, ಅದು ಇನ್ನೂ ನೋಯುತ್ತಿದೆ.

ಅದಕ್ಕೇ ಶಿಕ್ಷಣ ಇಲಾಖೆಯನ್ನು ಕೇಳುತ್ತಿದ್ದೇನೆ. ವರ್ಷದ ತರಬೇತಿಯಲ್ಲಿ ಐದು ದಿನವನ್ನಾದರೂ ಶಿಕ್ಷಕರು ಕೆಲಸದ ಜಾಗದಲ್ಲಿ ಕಳೆಯುವ ಹಾಗೆ ಮಾಡಿ. ಬೀದರಿನವರು ಬಿದರಿ ಕುಶಲಕರ್ಮಿಗಳ ಹತ್ತಿರ ಹೋಗಲಿ, ಯಾದಗಿರಿಯವರು ಕಡೇಚೂರಿನ ಕಾರ್ಖಾನೆಗಳಿಗೆ ಹೋಗಲಿ. ನಮ್ಮ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿಯ ಅಧ್ಯಾಪಕರು ಜೊತೆಗೆ ಬಂದು ನೋಡಿದ್ದನ್ನು ಪಾಠವಾಗಿ ಹೇಗೆ ಮಾಡಬೇಕು ಅಂತ ನಮಗೆ ಕಲಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಸ್ಮಾರ್ಟ್ ಬೋರ್ಡ್ ಬೇಡ.

ಆ ಮಿಲ್ ಮಾಲೀಕರನ್ನು ಮತ್ತೆ ಕೇಳಿದ್ದೇನೆ. ಸೀಜನ್ ಇದ್ದಾಗಲೇ ಬನ್ನಿ, ಎಲ್ಲ ತೋರಿಸುತ್ತೇನೆ ಅಂದಿದ್ದಾರೆ. ನಮ್ಮ ಶಾಲೆಯ ನಾಲ್ಕು ಜನ ಶಿಕ್ಷಕರು ತಯಾರಿದ್ದೇವೆ. ಇಲಾಖೆಯಿಂದ ಓಓಡಿ (ಶಾಲೆಯ ಹೊರಗಿನ ಕರ್ತವ್ಯದ) ಆದೇಶ ಒಂದು ಸಿಕ್ಕರೆ ಜನವರಿಯಲ್ಲೇ ಹೋಗುತ್ತೇವೆ.

– ಒಬ್ಬ ಶಿಕ್ಷಕ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ