‘ಹಿಮದಲ್ಲಿ ಮೋಜು’ ಅಲ್ಲ, ಅದು ಸ್ಲಾಲಂ

ಮಾನ್ಯ ಸಂಪಾದಕರೇ,

ಮೊನ್ನೆ ತಮ್ಮ ಕ್ರೀಡಾಪುಟದ ಮೂಲೆಯಲ್ಲಿ ಹಿಮದ ಮೇಲೆ ಜಾರುತ್ತಿರುವ ಹುಡುಗಿಯೊಬ್ಬಳ ಚಿತ್ರ ಬಂದಿತ್ತು. ಅಡಿಯಲ್ಲಿ ‘ಹಿಮದಲ್ಲಿ ಮೋಜು’ ಎಂದು ಎರಡೇ ಪದ. ಕನ್ನಡಕ ಒರೆಸಿ ನೋಡಿದೆ. ಹುಡುಗಿಯ ಎದೆಯ ಮೇಲೆ ನಂಬರು ಇತ್ತು, ಮೊಣಕಾಲಿನ ಕೆಳಗೆ ಗಾರ್ಡು ಇತ್ತು, ಪಕ್ಕದಲ್ಲಿ ನೀಲಿ ಕಂಬವೊಂದು ಅವಳ ಮೊಣಕಾಲು ತಾಗಿ ಬಾಗಿತ್ತು. ಮೋಜಿಗೆ ಹೋದವರು ಎದೆಗೆ ನಂಬರು ಕಟ್ಟಿಕೊಳ್ಳುವುದಿಲ್ಲ. ಅದು ಆಲ್ಪೈನ್ ಸ್ಕೀಯಿಂಗಿನ, ಅಂದರೆ ಕಾಲಿಗೆ ಸ್ಕೀ ಎಂಬ ಉದ್ದ ಹಲಗೆ ಕಟ್ಟಿ ಹಿಮದ ಇಳಿಜಾರಿನಲ್ಲಿ ಜಾರುವ ಆಟದ, ಸ್ಲಾಲಂ ಸ್ಪರ್ಧೆ: ನೆಟ್ಟ ಕಂಬಗಳನ್ನು ಬಳಸಿ ಅಂಕುಡೊಂಕಾಗಿ ಇಳಿಯುವ ಓಟ.

ಬಾಯಾರಿನ ಮುದುಕನಿಗೆ ಸ್ಲಾಲಂ ಹೇಗೆ ಗೊತ್ತು ಎಂದು ಕೇಳಬಹುದು. ನಾನು ಮೂವತ್ತು ವರ್ಷ ಡ್ರಿಲ್ ಮಾಷ್ಟ್ರಾಗಿದ್ದವನು. ಪೊಸಡಿಗುಂಪೆ ಗುಡ್ಡೆಯ ಬುಡದಲ್ಲಿ ಹುಟ್ಟಿ ಬೆಳೆದವನು. ದೀಪಾವಳಿ ಕಳೆದು ಗುಡ್ಡೆಯ ಮುಳಿಹುಲ್ಲು ಒಣಗಿದ ಮೇಲೆ ನಾವೆಲ್ಲ ಅಡಿಕೆ ಹಾಳೆಯ ಮೇಲೆ ಕೂತು ಜಾರಿದವರು. ಹಾಳೆ ಚೆನ್ನಾಗಿ ಒಣಗಿರಬೇಕು, ಬುಡ ಮುಂದಕ್ಕಿರಬೇಕು. ಹಾಳೆ ತಿರುಗುವುದಿಲ್ಲ, ಅದೇ ಅದರ ದೋಷ. ಎದುರಿಗೆ ಮುರಕಲ್ಲು ಕಂಡರೆ ಹಿಮ್ಮಡಿ ಊರಬೇಕು, ಇಲ್ಲವೇ ಪಕ್ಕಕ್ಕೆ ಬೀಳಬೇಕು. ಚಡ್ಡಿ ಹರಿದದ್ದಕ್ಕೆ ಮನೆಯಲ್ಲಿ ಸಿಕ್ಕಿದ್ದು ಬೇರೆ ಲೆಕ್ಕ.

ನನ್ನ ತಮ್ಮನ ಮಗಳು ಪದವಿ ಎರಡನೇ ವರ್ಷದಲ್ಲಿದ್ದಾಗ ಕಾಶ್ಮೀರದ ಗುಲ್‌ಮಾರ್ಗಕ್ಕೆ ಹೋಗಿ ಹದಿನಾಲ್ಕು ದಿನದ ಸ್ಕೀ ತರಬೇತಿ ಮುಗಿಸಿ ಬಂದಳು. ಅಲ್ಲಿ ಮೊದಲ ದಿನ ಹೇಳಿಕೊಟ್ಟದ್ದು ಬೀಳುವುದು ಮತ್ತು ನಿಲ್ಲುವುದು. ಸ್ಕೀಗಳ ಮುಂತುದಿ ಹತ್ತಿರ ತಂದು, ಹಿಂತುದಿ ಅಗಲಿಸಿ, ಒಳಅಂಚಿನಿಂದ ಹಿಮ ಕೆರೆಯುತ್ತ ವೇಗ ತಗ್ಗಿಸುವುದು. ತಿರುಗುವಾಗ ಭಾರ ಹೊರಗಿನ ಕಾಲಿಗೆ. “ದೊಡ್ಡಪ್ಪ, ಹಾಳೆಗೆ ಸ್ಟೇರಿಂಗ್ ಇಟ್ಟ ಹಾಗೆ” ಎಂದಳು. ಅಂದಿನಿಂದ ಫೋನಿನಲ್ಲಿ ಸ್ಕೀ ಓಟಗಳನ್ನು ನೋಡುವುದು ನನಗೂ ಚಟವಾಗಿದೆ.

ಅದರಲ್ಲಿ ನನ್ನನ್ನು ಬಹಳ ಸೆಳೆದದ್ದು ಓಟ ಶುರುವಾಗುವ ರೀತಿ. ಜೀವಮಾನವೆಲ್ಲ ಸೀಟಿ ಊದಿ, ಸ್ಪೋರ್ಟ್ಸ್ ದಿನ ಪಿಸ್ತೂಲಿನ ಸದ್ದು ಮಾಡಿ ಮಕ್ಕಳನ್ನು ಓಡಿಸಿದವನು ನಾನು. ಇಲ್ಲಿ ಪಿಸ್ತೂಲೇ ಇಲ್ಲ. ಓಟಗಾರನ ಕಾಲಿನೆದುರು ಒಂದು ತೆಳು ಕೋಲು ಅಡ್ಡ ಇರುತ್ತದೆ. ಅವನ ಕಾಲೇ ಅದನ್ನು ತಳ್ಳಿದಾಗ ಗಡಿಯಾರ ಓಡತೊಡಗುತ್ತದೆ, ಕೆಳಗೆ ಬೆಳಕಿನ ಕಿರಣ ಕಡಿದಾಗ ನಿಲ್ಲುತ್ತದೆ. ಲೆಕ್ಕ ಸೆಕೆಂಡಿನ ನೂರನೇ ಒಂದು ಭಾಗದವರೆಗೆ. ದಾರಿಯುದ್ದಕ್ಕೂ ಕಂಬ ನೆಟ್ಟು ಮಾಡಿದ ಗೇಟುಗಳು, ಕೆಂಪು, ನೀಲಿ ಒಂದಾದ ಮೇಲೊಂದು. ಎರಡೂ ಪಾದ ಗೇಟು ದಾಟಬೇಕು, ಒಂದು ತಪ್ಪಿದರೂ ಆಟ ಮುಗಿಯಿತು. ಸ್ಲಾಲಂನಲ್ಲಿ ಎರಡು ಓಟ, ಎರಡರ ಸಮಯ ಕೂಡಿಸಿ ಸ್ಥಾನ. ಎರಡನೇ ಓಟಕ್ಕೆ ಸಾಮಾನ್ಯವಾಗಿ ಮೊದಲ 30 ಮಂದಿಯ ಸರದಿ ತಿರುವುಮುರುವು: ಮೂವತ್ತನೆಯವ ಮೊದಲು, ಮುಂದಿದ್ದವ ಕೊನೆಗೆ. ಹಿಂದೆ ಬಿದ್ದವನಿಗೆ ಕೆಡದ ಹಿಮ ಸಿಗುತ್ತದೆ. ಇಂಥ ನ್ಯಾಯ ನಮ್ಮ ನೂರು ಮೀಟರಿನಲ್ಲಿ ಎಲ್ಲಿದೆ? ಪುರುಷರ ಸ್ಲಾಲಂಗೆ ಬೇಕಾದ ಇಳಿತ, ಅಂದರೆ ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ಎತ್ತರದ ಅಂತರ, ಹೆಚ್ಚೆಂದರೆ 220 ಮೀಟರು. ಸಮುದ್ರಮಟ್ಟದಿಂದ ಸಾವಿರ ಅಡಿ ಚಿಲ್ಲರೆ ಎತ್ತರದ ಪೊಸಡಿಗುಂಪೆ ಕಾಗದದ ಲೆಕ್ಕಕ್ಕೆ ಸಾಕೇ ಸಾಕು, ಹಿಮ ಒಂದು ಬಿಟ್ಟು.

ಈಗ ವಿಷಯಕ್ಕೆ ಬರುತ್ತೇನೆ. ತರಬೇತಿಯ ದಿನಗಳಿಗೆ ಹಾಜರಾತಿ ಕೊಡಿ ಎಂದು ಹುಡುಗಿ ಕಾಲೇಜಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟಳು. ಉತ್ತರ ಮಲಯಾಳದಲ್ಲಿ ಬಂತು. ಅದು ನಮಗೆ ಹೊಸತಲ್ಲ ಬಿಡಿ. “ಈ ಆಟ ಪಟ್ಟಿಯಲ್ಲಿಲ್ಲ” ಎಂಬುದು ಅದರ ಸಾರ. ಕಬಡ್ಡಿಗೆ, ಹಗ್ಗಜಗ್ಗಾಟಕ್ಕೆ ಹೋದವರಿಗೆ ಹಾಜರಾತಿ ಇದೆ. ಇವಳು ದಂಡ ಕಟ್ಟಿ ಪರೀಕ್ಷೆ ಬರೆದಳು. ಆ ಗುಮಾಸ್ತರ ತಪ್ಪು ಎಂದು ನಾನು ಹೇಳುವುದಿಲ್ಲ, ಅವರ ಕೈಯಲ್ಲಿದ್ದ ಪಟ್ಟಿಯೇ ಹಾಗಿತ್ತು.

ಆದರೆ ವಿಶ್ವವಿದ್ಯಾಲಯಗಳ ಲೋಕದಲ್ಲಿ ಇದು ಪಟ್ಟಿಯ ಹೊರಗಿನ ಆಟವಲ್ಲ. ವಿದ್ಯಾರ್ಥಿಗಳ ಮೊದಲ ಚಳಿಗಾಲದ ವಿಶ್ವ ಕ್ರೀಡಾಕೂಟ ನಡೆದದ್ದು 1960ರಲ್ಲಿ, ಫ್ರಾನ್ಸಿನ ಶಮೊನಿಯಲ್ಲಿ. ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2023ರಲ್ಲಿ ಅಮೆರಿಕದ ಲೇಕ್ ಪ್ಲ್ಯಾಸಿಡ್, 2025ರ ಜನವರಿಯಲ್ಲಿ ಇಟಲಿಯ ಟೊರಿನೊ. ಅಲ್ಲಿ ಆಲ್ಪೈನ್ ಓಟಗಳು ಬಾರ್ಡೊನೆಕಿಯ ಇಳಿಜಾರಿನಲ್ಲಿ ನಡೆದವು. ಮುಂದಿನದು 2027ರಲ್ಲಿ ಚೀನಾದ ಚಾಂಗ್‌ಚುನ್‌ನಲ್ಲಿ. ವಯಸ್ಸಿನ ಮಿತಿ 25. ಓದುತ್ತಿರಬೇಕು, ಇಲ್ಲವೇ ಆಗಷ್ಟೇ ಓದು ಮುಗಿಸಿರಬೇಕು. ನಮ್ಮ ದೇಶದಿಂದ ಅಲ್ಲಿಗೆ ಹೋಗುವ ದಾರಿ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಮೂಲಕ. ಅಂದರೆ ಕಾಲೇಜಿನ ಕಚೇರಿಯ ಅದೇ ಕಿಟಕಿಯಿಂದಲೇ ಕಾಗದ ಹೊರಡಬೇಕು.

ನಮ್ಮ ಹುಡುಗಿ ಚಾಂಗ್‌ಚುನ್‌ಗೆ ಹೋಗುತ್ತಾಳೆ ಎಂಬ ಭ್ರಮೆ ನನಗಿಲ್ಲ. ಆಲ್ಪ್ಸಿನ ಮಕ್ಕಳು ಮೂರು ನಾಲ್ಕು ವರ್ಷಕ್ಕೇ ಸ್ಕೀ ಕಟ್ಟಿಕೊಳ್ಳುತ್ತಾರೆ. ಹತ್ತೊಂಬತ್ತಕ್ಕೆ ಹಿಮ ಕಂಡವಳು ಅವರನ್ನು ಮುಟ್ಟುವುದುಂಟೇ? ಹಿಮದಲ್ಲೇ ಬೆಳೆದವರಿಗೂ ಅದು ಸುಲಭವಲ್ಲ. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಸ್ಲಾಲಂ ಕಂಚು ಗೆದ್ದಾಗ, ಸ್ಕೀಯಿಂಗಿನಲ್ಲಿ ಭಾರತಕ್ಕೆ ಅದು ಮೊದಲ ಅಂತಾರಾಷ್ಟ್ರೀಯ ಪದಕ. ಆ ಎರ್ಜುರುಮ್ ಕೂಡ 2011ರಲ್ಲಿ ವಿದ್ಯಾರ್ಥಿಗಳ ಇದೇ ಕೂಟ ನಡೆಸಿದ ಊರು. 2022ರ ಬೀಜಿಂಗ್ ಒಲಿಂಪಿಕ್ಸಿಗೆ ಭಾರತದಿಂದ ಒಬ್ಬನೇ ಹೋದ ಕಾಶ್ಮೀರದ ಆರಿಫ್ ಖಾನ್, ಹತ್ತಾರು ಮಂದಿ ಅರ್ಧಕ್ಕೇ ಕೈಬಿಟ್ಟ ಜಯಂಟ್ ಸ್ಲಾಲಂನಲ್ಲಿ (ಗೇಟುಗಳು ಇನ್ನೂ ದೂರದೂರ ಇರುವ ಓಟ) ಕೊನೆ ಮುಟ್ಟಿ 45ನೆಯವನಾದ.

ದಕ್ಷಿಣದವರಿಗೆ ಇದು ಹೇಳಿದ್ದಲ್ಲ ಎನ್ನುವವರಿಗೆ ಎರಡು ಹೆಸರು. ಗುಲ್‌ಮಾರ್ಗದ ಖೇಲೋ ಇಂಡಿಯಾ ಕೂಟದಲ್ಲಿ ಚಿನ್ನ ಗೆದ್ದ ಭವಾನಿ ತೆಕ್ಕಡ ನಂಜುಂಡ ನಮ್ಮ ಕೊಡಗಿನವರು. ಅವರದು ಕ್ರಾಸ್‌ಕಂಟ್ರಿ, ಏರನ್ನೂ ಕಾಲಬಲದಿಂದಲೇ ಹತ್ತುವ ಬೇರೆ ಓಟ. ಹಿಮಬಂಡಿ ಲೂಜ್‌ನಲ್ಲಿ ಆರು ಒಲಿಂಪಿಕ್ಸ್ ಕಂಡ ಶಿವ ಕೇಶವನ್ ಮನಾಲಿಯಲ್ಲಿ ಬೆಳೆದರೂ ತಂದೆಯ ಊರು ತಲಶ್ಶೇರಿ. ಸರ್ಕಸ್ಸಿಗೂ ಕೇಕಿಗೂ ಹೆಸರಾದ ಆ ಊರು ಕಾಸರಗೋಡಿನಿಂದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ.

ಕಾಸರಗೋಡಿನಲ್ಲಿ ಹಿಮದ ಇಳಿಜಾರು ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಅಂಥ ಯೋಜನೆಗೆ ಶಿಲಾನ್ಯಾಸ ಮಾಡಿ ಮರೆಯುವವರು ಬೇಕಷ್ಟು ಇದ್ದಾರೆ. ಕೇಳುವುದು ಪಟ್ಟಿಗೆ ಒಂದು ಸಾಲು ಸೇರಿಸಿ ಎಂದು: ‘ಚಳಿಗಾಲದ ಕ್ರೀಡೆಗಳು’. ತಮ್ಮಲ್ಲಿ ಕೇಳುವುದು ಅದಕ್ಕಿಂತ ಕಡಿಮೆ. 2027ರಲ್ಲಿ ಆ ಕೂಟ ನಡೆಯುವಾಗ ಯಾವ ಓಟ, ಯಾರು, ಎಲ್ಲಿ ಓದುವವರು ಎಂದು ನಾಲ್ಕು ಸಾಲು ಹಾಕಿ. ಚಿತ್ರ ಹಾಕುವುದಾದರೆ ಕಂಬದ ಬಣ್ಣ ನೋಡಿ ಅಡಿಬರಹ ಬರೆಯಿರಿ.

ಹುಡುಗಿ ಈಗ ಎರಡನೇ ಹಂತದ ತರಬೇತಿಗೆ ಹೆಸರು ಕೊಟ್ಟಿದ್ದಾಳೆ. ಹಾಜರಾತಿಯ ಅರ್ಜಿ ಹಿಡಿದು ಈ ಸಲ ಕಚೇರಿಯ ಕಿಟಕಿಯ ಮುಂದೆ ನಿಲ್ಲುವವನು ನಾನೇ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಅಧ್ಯಾಪಕ,
ಬಾಯಾರು, ಮಂಜೇಶ್ವರ ತಾಲೂಕು